ಕತ್ತಿನ ಗಂಟು: ಸೂಜಿಗಿಂತ ಮೊದಲು ಸ್ಕ್ಯಾನ್

ಮಗುವಿನ ಗಂಟನ್ನು ಇಲ್ಲೇ ತೋರಿಸಲಾ, ಹಾಸನಕ್ಕೆ ಹೋದಾಗ ತೋರಿಸಲಾ ಅಂತ ಕೇಳಿದ್ದೀರಿ. ಎಲ್ಲಾದರೂ ಸರಿ, ತಡ ಮಾಡದೆ ತೋರಿಸಿ. ಆದರೆ ಪರೀಕ್ಷೆಗೆ ಗಂಟಿನಿಂದ ಜೀವಕೋಶ ತೆಗೆಯಲು ಸೂಜಿ ಚುಚ್ಚಿಸುವ ಮುಂಚೆ ಅಲ್ಟ್ರಾಸೌಂಡ್ ಆಗಲಿ.

ನಮ್ಮ ಮಗನ ಗಂಟು ಸಿಕ್ಕಿದ್ದು ಬಾಣಂತನಕ್ಕೆ ಸಕಲೇಶಪುರದಲ್ಲಿದ್ದಾಗ. ಅಮ್ಮ ಎಣ್ಣೆ ಹಚ್ಚುವಾಗ ಕತ್ತಿನ ಎಡಗಡೆ ಮೆತ್ತಗೆ ಕೈಗೆ ತಾಗಿತು. ನೋವಿಲ್ಲ, ಜ್ವರವಿಲ್ಲ. ಜೋರಾಗಿ ಅತ್ತರೆ ಮಾತ್ರ ಉಬ್ಬುತ್ತಿತ್ತು. ದೊಡ್ಡಮ್ಮ ದೃಷ್ಟಿ ತೆಗೆದರು, ಒಬ್ಬ ಡಾಕ್ಟರು ಸೀದಾ ಸೂಜಿ ಪರೀಕ್ಷೆಗೆ ಬರೆದುಕೊಟ್ಟರು. ಹಾಸನದಲ್ಲಿ ಸ್ಕ್ಯಾನ್ ಮಾಡಿದವರು ಮಾತ್ರ ಕತ್ತು ನೋಡಿ ಸುಮ್ಮನಾಗಲಿಲ್ಲ. ಎದೆಯ ಮೇಲೂ ಸ್ಕ್ಯಾನಿನ ಹಿಡಿಕೆ ಇಟ್ಟರು. ಎರಡೂ ಕಡೆ ಒಂದೇ ಥರ, ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಬಿಳಿ ಚುಕ್ಕೆ, ಗೆರೆ. ‘ಇದು ಥೈಮಸ್, ಗಡ್ಡೆ ಅಲ್ಲ’ ಎಂದರು.

ಸೋಂಕು ತಡೆಯುವ ಶಕ್ತಿ ಬೆಳೆಯಲು ಬೇಕಾದ ಈ ಥೈಮಸ್ ಗ್ರಂಥಿ ಇರಬೇಕಾದ್ದು ಎದೆಮೂಳೆಯ ಹಿಂದೆ. ಆದರೆ ಮಗು ಅಮ್ಮನ ಹೊಟ್ಟೆಯಲ್ಲಿರುವಾಗ ಅದು ರೂಪ ಪಡೆಯುವುದು ಕತ್ತಿನಲ್ಲಿ, ಆಮೇಲೆ ಕೆಳಗಿಳಿಯುತ್ತದೆ. ದಾರಿಯಲ್ಲಿ ಒಂದು ತುಣುಕು ಉಳಿದರೆ ಹೀಗೆ ಗಂಟಾಗಿ ಸಿಗುತ್ತದೆ. ಇದು ಅಪರೂಪ. ಮಕ್ಕಳ ಕತ್ತಿನ ಗಂಟುಗಳಲ್ಲಿ ಜಾಸ್ತಿ ಕಾಣುವುದು ಊದಿಕೊಂಡ ದುಗ್ಧರಸ ಗ್ರಂಥಿ (ಲಿಂಫ್ ನೋಡ್), ಹುಟ್ಟಿನಿಂದ ಬಂದ ನೀರುಗುಳ್ಳೆ ಇಂಥವೇ. ಹಾಗಾಗಿ ನಮ್ಮ ಕಥೆ ಓದಿ ನಿಮ್ಮದೂ ಅದೇ ಅಂದುಕೊಳ್ಳಬೇಡಿ.

ಸೂಜಿಗೆ ಯಾಕೆ ಅವಸರ ಬೇಡ ಅಂದರೆ, ಥೈಮಸ್ ತುಂಬ ಇರುವುದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣ. ಸ್ಲೈಡಿನಲ್ಲಿ ಬರೀ ಅವೇ ಕಂಡರೆ ಲಿಂಫೋಮಾ ಎಂಬ ಕ್ಯಾನ್ಸರ್ ಇರಬಹುದಾ ಎಂಬ ಅನುಮಾನ ಹುಟ್ಟಬಹುದು. ಹಸುಗೂಸಿನ ಅಪ್ಪ ಅಮ್ಮನಿಗೆ ಆ ಪದ ಸಾಕಲ್ವಾ, ನಿದ್ದೆ ಕೆಡಿಸೋಕೆ!

ಯಾರಾದರೂ ಗಂಟು ತೆಗೆದುಬಿಡೋಣ ಎಂದರೆ, ಎದೆಯಲ್ಲಿ ಥೈಮಸ್ ಇದೆಯಾ ಅಂತ ಕೇಳಿ. ಹುಟ್ಟಿದ ಕೂಡಲೇ ಥೈಮಸ್ ತೆಗೆದ ಇಲಿಗಳು ಸೋಂಕು ತಡೆಯಲಾರವು ಅಂತ ವಿಜ್ಞಾನಿ ಜಾಕ್ ಮಿಲ್ಲರ್ 1961ರಲ್ಲೇ ತೋರಿಸಿದ್ದರು. ಕತ್ತಿನಲ್ಲಿರುವುದೇ ಮಗುವಿನ ಇಡೀ ಥೈಮಸ್ ಆಗಿದ್ದು, ಅದನ್ನೇ ತೆಗೆದುಬಿಟ್ಟರೆ? ನಮ್ಮವನಿಗೆ ಎದೆಯಲ್ಲೂ ಇತ್ತು, ತೊಂದರೆಯೂ ಇರಲಿಲ್ಲ. ಆಪರೇಷನ್ ಬೇಡ, ಆಗಾಗ ಸ್ಕ್ಯಾನ್ ಮಾಡಿಸಿ ಎಂದರು. ದೊಡ್ಡವರಾಗುತ್ತಾ ಥೈಮಸ್ ತಾನೇ ಕುಗ್ಗುತ್ತದೆ.

ಉಸಿರಾಟದಲ್ಲಿ ಸದ್ದು, ಹಾಲು ನುಂಗಲು ಕಷ್ಟ, ಗಂಟು ಗಟ್ಟಿಯಾಗುವುದು ಅಥವಾ ಬೇಗ ಬೆಳೆಯುವುದು ಕಂಡರೆ ಊರಿನ ಪ್ರಯಾಣಕ್ಕೆ ಕಾಯಬೇಡಿ. ಇಲ್ಲೇ ಸ್ಕ್ಯಾನ್ ಆದರೆ ರಿಪೋರ್ಟ್ ಜೊತೆ ಚಿತ್ರಗಳನ್ನೂ ಇಟ್ಟುಕೊಳ್ಳಿ. ಮಕ್ಕಳ ಸರ್ಜನ್‌ಗೆ ತೋರಿಸಲು ಮಂಗಳೂರಿಗೆ ಹೋಗುವುದಾದರೆ, ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆದಿದೆಯಾ ಅಂತ ವಿಚಾರಿಸಿಕೊಂಡೇ ಹೊರಡಿ.