ನಾಲ್ಕು ಅಡಿಯ ಮೀನಿನ ತೊಟ್ಟಿಗೆ ಸ್ಟ್ಯಾಂಡ್: ಸಿದ್ಧವಾದದ್ದನ್ನು ಕೊಳ್ಳುವುದೋ, ಮಾಡಿಸುವುದೋ?

ಪ್ರಶ್ನೆ: ತುಮಕೂರಿನ ಗಪ್ಪಿ

ಎಲ್ಲರಿಗೂ ನಮಸ್ಕಾರ. ಎರಡು ಅಡಿಯ ತೊಟ್ಟಿಯಲ್ಲಿ ಐದು ವರ್ಷ ಗಪ್ಪಿ, ಮೋಲಿಗಳನ್ನು ಸಾಕಿದ ಮೇಲೆ, ಈಗ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಗೆ ಮುಂಗಡ ಕೊಟ್ಟು ಬಂದಿದ್ದೇನೆ. ಗಾಜು 10 ಮಿ.ಮೀ. ದಪ್ಪದ್ದು. ಅಂಗಡಿಯವರು ಅದೇ ಅಳತೆಯ ಕ್ಯಾಬಿನೆಟ್ ಸ್ಟ್ಯಾಂಡೊಂದನ್ನೂ ತೋರಿಸಿದರು. ಬಿಳಿಯ ಲ್ಯಾಮಿನೇಟ್ ಹಚ್ಚಿದ್ದು, ನೋಡಲು ಅಂದವಾಗಿಯೇ ಇದೆ. ಆದರೆ ಬಾಗಿಲು ತೆಗೆದು ಪೈಪಿಗಾಗಿ ಕೊರೆದ ತೂತಿನ ಅಂಚನ್ನು ಮುಟ್ಟಿದಾಗ ಮರದ ಹುಡಿ ಬೆರಳಿಗೆ ಅಂಟಿಕೊಂಡಿತು. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವರು ಅದರ ಅರ್ಧಕ್ಕಿಂತ ತುಸು ಹೆಚ್ಚಿನ ಹಣಕ್ಕೆ ಕಬ್ಬಿಣದ ಚೌಕಟ್ಟು ಮಾಡಿಕೊಡಲು ಒಪ್ಪಿದ್ದಾರಾದರೂ, ಅವರು ಇದುವರೆಗೆ ಗೇಟು ಮತ್ತು ಕಿಟಕಿಯ ಗ್ರಿಲ್ಲುಗಳನ್ನಲ್ಲದೆ ಬೇರೇನನ್ನೂ ಮಾಡಿದವರಲ್ಲ. ಮನೆ ಮೊದಲ ಮಹಡಿಯಲ್ಲಿದೆ. ಯಾವುದನ್ನು ನಂಬಬಹುದು?

ಉತ್ತರ 1: ಹಳೆಯ ಫಿಟ್ಟರ್

ಮೊದಲು ತೂಕದ ಲೆಕ್ಕ ಹಾಕೋಣ. ನಿಮ್ಮ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ ಸುಮಾರು 255 ಲೀಟರ್ ನೀರು ಹಿಡಿಯುತ್ತದೆ. ಮೇಲಿನ ಎರಡು ಇಂಚು ಬಿಟ್ಟರೆ 225 ಲೀಟರ್ ಎನ್ನಿ. 10 ಮಿ.ಮೀ. ಗಾಜು ಒಂದು ಚದರ ಮೀಟರಿಗೆ 25 ಕೆ.ಜಿ. ತೂಗುವುದರಿಂದ ತೊಟ್ಟಿಯದೇ 50 ಕೆ.ಜಿ.ಗೆ ಮಿಕ್ಕಿತು. ಜಲ್ಲಿ, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿದರೆ 340 ಕೆ.ಜಿ.ಯ ಆಸುಪಾಸು, ಅಂದರೆ ಐದು ಮಂದಿ ದೊಡ್ಡವರು ಒತ್ತಾಗಿ ಒಂದೇ ಕಡೆ ಹಗಲಿರುಳೂ ನಿಂತಷ್ಟು.

ಆದರೂ ಕಬ್ಬಿಣಕ್ಕೆ ಇದೊಂದು ಭಾರವೇ ಅಲ್ಲ. ಒಂದೂವರೆ ಇಂಚಿನ, 2 ಮಿ.ಮೀ. ದಪ್ಪದ ಸ್ಕ್ವೇರ್ ಪೈಪಿನಲ್ಲಿ ಮಾಡಿದರೆ ಕಾಲೊಂದಕ್ಕೆ 85 ಕೆ.ಜಿ. ಬೀಳುತ್ತದೆ, ಅದನ್ನು ಅದು ಲೆಕ್ಕಕ್ಕೇ ಇಡುವುದಿಲ್ಲ. 30 ಇಂಚು ಎತ್ತರದ ಚೌಕಟ್ಟಿಗೆ, ಮೇಲೆ ಎರಡು ಅಡ್ಡಪಟ್ಟಿಗಳೂ ಸೇರಿ, 35 ಅಡಿ ಪೈಪು ಬೇಕು. 20 ಅಡಿಯ ಎರಡು ಪೈಪು ತಂದರೆ ಸಾಕು. ಗೇಟು ಮಾಡುವವರ ಬಳಿ ತೆಳುವಾದ ಪೈಪೂ ಇರುತ್ತದಾದ್ದರಿಂದ ಕತ್ತರಿಸಿದ ತುದಿಯನ್ನು ಕಣ್ಣೆದುರೇ ಅಳೆಸಿ ನೋಡಿ.

ತೊಟ್ಟಿ ಒಡೆಯುವುದು ಸ್ಟ್ಯಾಂಡ್ ಕುಸಿದು ಅಲ್ಲ, ಸ್ಟ್ಯಾಂಡ್ ತಿರುಚಿಕೊಂಡಿದ್ದರಿಂದ. ಒಂದು ಮೂಲೆಯನ್ನು ಪೂರ್ತಿ ಬೆಸೆದು ಮುಗಿಸಿ ಮುಂದಿನದಕ್ಕೆ ಹೋದರೆ ಬಿಸಿಗೆ ಕಬ್ಬಿಣ ಎಳೆದುಕೊಳ್ಳುತ್ತದೆ. ಗೇಟಿನಲ್ಲಿ ಎರಡು ಮೂರು ಮಿ.ಮೀ. ವಕ್ರವಿದ್ದರೆ ಯಾರಿಗೂ ಕಾಣದು. ಬಗ್ಗಲಾರದ ಗಾಜು ಮಾತ್ರ ಆ ಒತ್ತಡವನ್ನು ತಿಂಗಳುಗಟ್ಟಲೆ ಹೊತ್ತುಕೊಂಡಿದ್ದು ಒಂದು ರಾತ್ರಿ ಸೀಳುತ್ತದೆ. ಆದ್ದರಿಂದ ಮೊದಲು ಎಲ್ಲ ಮೂಲೆಗಳಿಗೂ ಚುಕ್ಕಿ ಚುಕ್ಕಿಯಾಗಿ ಟ್ಯಾಕ್ (ತಾತ್ಕಾಲಿಕ ಬೆಸುಗೆ) ಹಾಕಿಸಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿಸಿ. 48ಕ್ಕೆ 18 ಇಂಚಿನ ಚೌಕಟ್ಟಿನಲ್ಲಿ ಎರಡೂ ಕಡೆಯಿಂದ 51 ಕಾಲು ಇಂಚು ಬರಬೇಕು. ಪೂರ್ತಿ ಬೆಸೆದಾದ ಮೇಲೆ ಮೇಲ್ಭಾಗದಲ್ಲಿ ಮೂಲೆಯಿಂದ ಮೂಲೆಗೆ ಎರಡು ದಾರಗಳನ್ನು ಬಿಗಿಯಾಗಿ ಕಟ್ಟಿಸಿ. ನಡುವೆ ದಾರ ದಾರವನ್ನು ಸವರಿದಂತಿದ್ದರೆ ಚೌಕಟ್ಟು ಸಮ. ಒಂದರ ಕೆಳಗೆ ಇನ್ನೊಂದು ಅಂತರ ಬಿಟ್ಟಿದ್ದರೂ ತಿರುಚಿದೆ, ಒಂದು ಇನ್ನೊಂದನ್ನು ಒತ್ತಿ ಬಗ್ಗಿಸಿದ್ದರೂ ತಿರುಚಿದೆ. ಮೇಲೆ ಹಾಸುವ ಥರ್ಮಾಕೋಲು ಒಂದೆರಡು ಮಿ.ಮೀ. ಉಬ್ಬುತಗ್ಗನ್ನು ನುಂಗಿಕೊಳ್ಳುತ್ತದೆಯೇ ಹೊರತು ಈ ತಿರುಚನ್ನು ಸರಿಪಡಿಸದು.

ರಸಮಟ್ಟವನ್ನು ಮನೆಯಲ್ಲಿ ಇಟ್ಟ ಜಾಗದಲ್ಲೇ ನೋಡಬೇಕು. ನೆಲ ಓರೆಯಿದ್ದರೆ ಕಾಲುಗಳ ಕೆಳಗೆ ತಗಡು ಕೊಡಿ. ತೊಟ್ಟಿಯ ಕೆಳಗೆ ಮಾತ್ರ ಏನನ್ನೂ ತುರುಕಬೇಡಿ.

ಇನ್ನು ಮಹಡಿಯ ವಿಷಯ. ವಾಸದ ಮನೆಯ ಕೋಣೆಗಳಿಗೆ ನಮ್ಮ ಐಎಸ್ 875 ಮಾನದಂಡ ಹೇಳುವ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ.; ನಿಮ್ಮ ತೊಟ್ಟಿ ತಾನು ನಿಂತ ಜಾಗದಲ್ಲಿ ಅದರ ಮೂರರಷ್ಟು ಒತ್ತುತ್ತದೆ. ಕೋಣೆಯ ಉಳಿದ ಜಾಗ ಖಾಲಿಯಿರುವುದರಿಂದ ಕಾಂಕ್ರೀಟ್ ತಾರಸಿಯಲ್ಲಿ, ತೊಲೆಯಿರುವ ಗೋಡೆಗೆ ಒತ್ತಿಕೊಂಡಂತೆ ಇಟ್ಟರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ನಿಮ್ಮ ಕಡೆಯ ಹಳೆಯ ಮನೆಗಳಂತೆ ಕಲ್ಲುಚಪ್ಪಡಿ ಹಾಸಿದ ಮಹಡಿಯಾಗಿದ್ದರೆ ಮಾತ್ರ ಇಂಜಿನಿಯರೊಬ್ಬರಿಗೆ ತೋರಿಸದೆ ಮುಂದುವರಿಯಬೇಡಿ.

ಉತ್ತರ 2: ಪುತ್ತೂರಿನ ಕೆರೆಮೀನು

ಫಿಟ್ಟರ್ ಅವರು ಹೇಳಿದ್ದೆಲ್ಲ ಸರಿಯೇ, ಆದರೆ ಕಬ್ಬಿಣವೇ ಆಗಬೇಕೆಂದೇನೂ ಇಲ್ಲ. ನಮ್ಮಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಗೋಡೆಯೇ ಬೆವರುವುದರಿಂದ, ರೆಡ್ ಆಕ್ಸೈಡ್ ಬಳಿದ ನನ್ನ ಮೊದಲ ಚೌಕಟ್ಟು ಮೂರನೆಯ ಮಳೆಗಾಲಕ್ಕೆ ಕಾಲಿನ ಬುಡದಲ್ಲಿ ಪದರ ಪದರವಾಗಿ ಕಿತ್ತುಬಂತು. ಪೈಪಿನ ಕೆಳತುದಿಗೆ ಬಾಯಿ ಮುಚ್ಚುವ ಬುಷ್ ಹಾಕಿಸದೆ ಬಿಟ್ಟದ್ದು ನನ್ನದೇ ತಪ್ಪು. ಈಗಿರುವುದು ಹಲಸಿನ ಮರದ್ದು, ಹಳೆಯ ಮನೆ ಕೆಡವಿದಾಗ ಸಿಕ್ಕ ತೊಲೆಗಳಿಂದ ಮಾಡಿಸಿದ್ದು.

ಮರದಲ್ಲಿ ಮಾಡಿಸುವುದಾದರೆ ಆಚಾರಿಯವರಿಗೆ ಒಂದು ಮಾತನ್ನು ಒತ್ತಿ ಹೇಳಿ: ಮೇಲಿನ ಅಡ್ಡಪಟ್ಟಿ ಕಾಲಿನ ನೆತ್ತಿಯ ಮೇಲೆಯೇ ಕೂರಬೇಕು, ಕಾಲಿನ ಬದಿಗೆ ಸ್ಕ್ರೂ ಹೊಡೆದು ತೂಗುಹಾಕುವಂತಿಲ್ಲ. ಭಾರ ಮರದಿಂದ ಮರಕ್ಕೆ ಇಳಿಯಬೇಕು. ಸ್ಕ್ರೂ ಇರುವುದು ಅವೆರಡು ಸರಿಯದಂತೆ ಹಿಡಿದಿಡಲು ಮಾತ್ರ.

ಅಂಗಡಿಯ ಕ್ಯಾಬಿನೆಟ್ಟಿನ ಆ ಹುಡಿ ಪಾರ್ಟಿಕಲ್ ಬೋರ್ಡಿನದು, ಅಂದರೆ ಮರದ ಚೂರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆಯದು. ಲ್ಯಾಮಿನೇಟ್ ನೀರನ್ನು ತಡೆಯುತ್ತದೆ, ಕೊರೆದ ಅಂಚು ತಡೆಯುವುದಿಲ್ಲ. ನೀರು ಬದಲಿಸುವಾಗ ಪೈಪಿನಿಂದ ಜಾರಿದ ಹನಿಗಳು ಆ ತೂತಿನಲ್ಲೇ ಇಳಿದು ಹಲಗೆ ಅವಲಕ್ಕಿಯಂತೆ ಊದಿಕೊಳ್ಳುತ್ತದೆ, ಒಮ್ಮೆ ಊದಿದ್ದು ಒಣಗಿದರೂ ಹಿಂದಿನ ಗಟ್ಟಿತನಕ್ಕೆ ಬರುವುದಿಲ್ಲ. ಪ್ಲೈವುಡ್ ಎಂದು ಹೇಳಿ ಕೊಟ್ಟರೂ ಐಎಸ್ 710 ಮುದ್ರೆಯಿದೆಯೇ ನೋಡಿ; ನೀರಿಗೆ ತಡೆಯುವ ಮೆರೈನ್ ಪ್ಲೈಗೆ ಇರುವ ಸಂಖ್ಯೆ ಅದು.

ಉತ್ತರ 3: ಬಾಡಿಗೆ ಮನೆಯ ಏಂಜೆಲ್

ಕೊಳ್ಳುವುದರ ಪರವಾಗಿಯೂ ಒಬ್ಬರಾದರೂ ಮಾತನಾಡಬೇಕಲ್ಲವೇ! ಬೆಂಗಳೂರಿನಲ್ಲಿ ಏಳು ವರ್ಷಗಳಲ್ಲಿ ಮೂರು ಮನೆ ಬದಲಿಸಿದ ನನಗೆ, ಬೆಸೆದು ಒಂದೇ ಮುದ್ದೆಯಾದ ಚೌಕಟ್ಟನ್ನು ಕಿರಿದಾದ ಮೆಟ್ಟಿಲಿನ ತಿರುವಿನಲ್ಲಿ ಇಳಿಸಿದ ನೆನಪು ಇನ್ನೂ ಹೋಗಿಲ್ಲ. ಆಮೇಲೆ ಕೊಂಡದ್ದು ನಟ್ಟು ಬೋಲ್ಟಿನಿಂದ ಬಿಚ್ಚಿ ಜೋಡಿಸಬಹುದಾದ, ಪೌಡರ್ ಕೋಟಿಂಗ್ ಮಾಡಿದ ಸಿದ್ಧ ಸ್ಟ್ಯಾಂಡ್. ಕಾಲುಗಳಿಗೆ ತಿರುಗಿಸುವ ಪಾದಗಳಿರುವುದರಿಂದ ರಸಮಟ್ಟ ಮಾಡಲು ಹತ್ತು ನಿಮಿಷ ಸಾಕು. ಸ್ಟ್ಯಾಂಡನ್ನೂ ತೊಟ್ಟಿಯನ್ನೂ ಒಂದೇ ಅಂಗಡಿಯಲ್ಲಿ ಕೊಂಡರೆ ಇನ್ನೊಂದು ಅನುಕೂಲವಿದೆ: ನಾಳೆ ಗಾಜು ಸೀಳಿದರೆ ಸ್ಟ್ಯಾಂಡಿನ ಮೇಲೆ ತಪ್ಪು ಹೊರಿಸಿ ಅವರು ನುಣುಚಿಕೊಳ್ಳುವಂತಿಲ್ಲ. ಆ ಹೊಣೆಯನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಯಾವುದನ್ನೇ ಆರಿಸಿದರೂ ಪ್ಲಗ್ಗಿನ ಜಾಗವನ್ನು ಮೊದಲೇ ಯೋಚಿಸಿ. ವೈರು ಸಾಕೆಟ್ಟಿಗಿಂತ ಕೆಳಕ್ಕೆ ಜೋತು, ಅಲ್ಲಿಂದ ಮೇಲೇರಿ ಪ್ಲಗ್ಗಿಗೆ ಹೋಗುವಂತಿದ್ದರೆ, ಅದರ ಗುಂಟ ಇಳಿದ ಹನಿ ಜೋತ ತುದಿಯಲ್ಲೇ ತೊಟ್ಟಿಕ್ಕುತ್ತದೆ.

ತುಮಕೂರಿನ ಗಪ್ಪಿ

ಎಲ್ಲರಿಗೂ ಧನ್ಯವಾದಗಳು. ಮನೆ ಸ್ವಂತದ್ದು, ಮಹಡಿ ಕಾಂಕ್ರೀಟಿನದು, ಆದ್ದರಿಂದ ಕಬ್ಬಿಣದ ಚೌಕಟ್ಟನ್ನೇ ಮಾಡಿಸಿ, ಮೇಲೆ 18 ಮಿ.ಮೀ. ಮೆರೈನ್ ಪ್ಲೈ ಕೂರಿಸಲು ನಿರ್ಧರಿಸಿದೆ. ನಿನ್ನೆ ಟ್ಯಾಕ್ ಹಾಕಿದ ಚೌಕಟ್ಟಿಗೆ ದಾರ ಕಟ್ಟಿ ನೋಡೋಣ ಎಂದಾಗ ವೆಲ್ಡಿಂಗ್ ಅಂಗಡಿಯವರು ನಕ್ಕರು. ಕಟ್ಟಿದ ಮೇಲೆ ಎರಡು ದಾರಗಳ ನಡುವೆ ಒಂದು ರೂಪಾಯಿಯ ನಾಣ್ಯ ತೂರುವಷ್ಟು ಸಂದು ಕಂಡಿತು. ಅವರೇ ಒಂದು ಮೂಲೆಯ ಟ್ಯಾಕ್ ಬಿಡಿಸಿ, ಸುತ್ತಿಗೆಯಿಂದ ತಟ್ಟಿ, ಮತ್ತೆ ಹಾಕಿದರು. ಸೋಮವಾರ ಪೂರ್ತಿ ಬೆಸೆಯುತ್ತಾರೆ, ದಾರವನ್ನು ಅಲ್ಲಿಯೇ ಬಿಟ್ಟು ಬಂದಿದ್ದೇನೆ.