ಲೋಡ್ ಇಳಿದ ಕೂಡ್ಲೆ ಬೋರ್ಡ್ ಹ್ಯಾಂಗ್: ಸಿಪಿಯುಫ್ರೀಕ್ ಡ್ರೈವರ್ ಸಣ್ಣದು ಮಾಡಿದ ಮ್ಯಾಲ ಶುರುವಾದ ತೊಂದರೆ

ಕೇಳಿದವರು (ಕಲಬುರಗಿ):
ನಮಸ್ಕಾರ್ರಿ. ಹಳೇ ಆರ್ಮ್ ಬೋರ್ಡೊಂದರ ಲಿನಕ್ಸ್ ಸಿಪಿಯುಫ್ರೀಕ್ ಡ್ರೈವರ್ (ಪ್ರೊಸೆಸರ್ ವೇಗ ಏರಿಸಿ ಇಳಿಸೂ ಕೋಡ್) ಸಣ್ಣದು ಮಾಡ್ಲಿಕತ್ತೀನಿ. ಟಾರ್ಗೆಟ್ ಫಂಕ್ಷನ್‌ದಾಗ ಇಫ್‌ನಾಗೂ ಎಲ್ಸ್‌ನಾಗೂ ಅವೇ ಎರಡು ಕಾಲ್ ಇದ್ವು: ವಿದ್ಯುತ್ ಒದಗಿಸೂ ರೆಗ್ಯುಲೇಟರಿಗೆ ವೋಲ್ಟೇಜ್, ವೇಗ ಠರಾಯಿಸೂ ಕ್ಲಾಕಿಗೆ ರೇಟ್. ಒಂದೇ ಕೆಲಸ ಎರಡು ಸಲ ಬರದಾರ ಅಂತ ತಿಳಕೊಂಡು ಇಫ್ ತೆಗದೆ. ಈಗ ಮೊದಲು ವೋಲ್ಟೇಜ್, ಆಮ್ಯಾಲ ಕ್ಲಾಕ್, ಅಷ್ಟೇ. ಕಂಪೈಲ್ ನಡದಾಗ ತಾಸುಗಟ್ಟಲೆ ಏನೂ ಆಗಂಗಿಲ್ಲ. ಮುಗದು ಲೋಡ್ ಇಳಿದ ಕೂಡ್ಲೆ ನಿಂತುಬಿಡ್ತದ, ಸೀರಿಯಲ್ ಕನ್ಸೋಲ್‌ದಾಗ ಒಂದು ಸಾಲೂ ಬರಂಗಿಲ್ಲ. ಹೊರಗ 42 ಡಿಗ್ರಿ ಬಿಸಿಲು, ಹೀಟ್ ಇರಬೇಕಂತ ಮುಂಜಾನಿ 5ಕ್ಕೆ ಎದ್ದು ಫ್ಯಾನ್ ಹಚ್ಚಿ ನೋಡೀನಿ. ಅದೇ ಕತಿ.

ಉತ್ತರ (ಬೀದರ್):
ಹೀಟ್ ಆಗಿದ್ರ ಲೋಡ್ ಇದ್ದಾಗ ನಿಲ್ತಿತ್ತು. ಗವರ್ನರ್ (ವೇಗ ಎಷ್ಟಿರಬೇಕಂತ ಠರಾಯಿಸೂ ಭಾಗ) ಯೂಸರ್‌ಸ್ಪೇಸ್‌ಗೆ ಇಟ್ಟು, ಅಂದ್ರ ವೇಗ ನೀವೇ ಹೇಳೂವಂಗ ಮಾಡಿ, ಸ್ಕೇಲಿಂಗ್_ಸೆಟ್‌ಸ್ಪೀಡ್ ಫೈಲ್‌ದಾಗ 600000, ಆಮ್ಯಾಲ 1200000, ಮತ್ತ 600000 ಬರೀರಿ. ಅಲ್ಲಿ ಲೆಕ್ಕ ಕಿಲೋಹರ್ಟ್ಸ್‌ದಾಗ. ಯಾವಾಗ ನಿಲ್ತದ ಹೇಳ್ರಿ.

ಕೇಳಿದವರು:
ಆರಾಮ ಏರ್ತದ. ವಾಪಸ್ 600000 ಬರದ್ರ ಹ್ಯಾಂಗ್. ಐದು ಸಲ ಮಾಡಿದೆ, ಐದೂ ಸಲ.

ಉತ್ತರ (ಬೀದರ್):
ಹಂಗಾದ್ರ ನೀವು ತೆಗದ ಇಫ್‌ದಾಗೇ ಜೀವ ಇತ್ತು. ಕಾಲ್ ಅವೇ ಖರೆ, ಆದ್ರ ಕ್ರಮ ಉಲ್ಟಾ. ಏರಿಸುವಾಗ ಮೊದಲು ವೋಲ್ಟೇಜ್ ಏರಬೇಕು, ಆಮ್ಯಾಲ ಕ್ಲಾಕ್. ಇಳಿಸುವಾಗ ಮೊದಲು ಕ್ಲಾಕ್ ಇಳೀಬೇಕು. ನಿಮ್ಮ ಕೋಡ್ ಇಳಿಸುವಾಗನೂ ವೋಲ್ಟೇಜ್ ಮೊದಲು ಕಡಿಮಿ ಮಾಡ್ತದ. ಆ ಗಳಿಗ್ಯಾಗ ಪ್ರೊಸೆಸರ್ ಇನ್ನೂ 1.2 ಗಿಗಾಹರ್ಟ್ಸ್‌ದಾಗ ಓಡ್ಲಿಕತ್ತಿರ್ತದ, ವೋಲ್ಟೇಜ್ ಮಾತ್ರ 600 ಮೆಗಾಹರ್ಟ್ಸಿಗೆ ಸಾಲೂವಷ್ಟೇ. ಟ್ರಾನ್ಸಿಸ್ಟರ್ ಸಮಯಕ್ಕ ಸರಿಯಾಗಿ ಬದಲಾಗಂಗಿಲ್ಲ, ಲೆಕ್ಕ ತಪ್ತದ. ಕರ್ನಲ್‌ಗೆ ಪ್ಯಾನಿಕ್ (ಕೊನೀ ದೋಷದ ಸಂದೇಶ) ಬರಿಯೂದಕ್ಕೂ ಆಗಂಗಿಲ್ಲ, ಅದಕ್ಕೇ ಕನ್ಸೋಲ್ ಖಾಲಿ.

ಕೋಡ್ ಕಡಿಮಿ ಮಾಡೂ ಆಸೆ ಬಿಡಬ್ಯಾಡ್ರಿ. ಆ ಎರಡೂ ಕಾಲ್ ತೆಗದು ಡೆವ್_ಪಿಎಂ_ಓಪಿಪಿ_ಸೆಟ್_ರೇಟ್ ಒಂದೇ ಕಾಲ್ ಹಾಕ್ರಿ, ಕ್ರಮ ಅದೇ ನೋಡ್ಕೋತದ. ಅದಕ್ಕ ಹರ್ಟ್ಸ್ ಬೇಕು, ಡ್ರೈವರ್‌ದ ವೇಗದ ಟೇಬಲ್ ಕಿಲೋಹರ್ಟ್ಸ್‌ದಾಗ ಇರ್ತದ, 1000ದಿಂದ ಗುಣಿಸ್ರಿ. ರೆಗ್ಯುಲೇಟರ್ ಯಾವುದಂತ ಓಪಿಪಿಗೆ (ಯಾವ ವೇಗಕ್ಕ ಎಷ್ಟು ವೋಲ್ಟೇಜ್ ಅಂತ ನೋಡ್ಕೊಳ್ಳೂ ಕರ್ನಲ್ ಭಾಗ) ಮೊದಲೇ ಹೇಳಿರಬೇಕು; ಇಲ್ದಿದ್ರ ಬರೀ ಕ್ಲಾಕ್ ಬದಲಾಗ್ತದ, ಆಗ ಏರಿಸುವಾಗ ಪೆಟ್ಟು.

ಹಳೇ ಡ್ರೈವರ್ ಅಂದ್ರಿ, ಪ್ರೀಚೇಂಜ್-ಪೋಸ್ಟ್‌ಚೇಂಜ್ ನೋಟಿಫಿಕೇಶನ್ (ವೇಗ ಬದಲಾಗೂ ಮೊದಲು, ಆಮ್ಯಾಲ ಕೊಡೂ ಸೂಚನೆ) ಡ್ರೈವರೇ ಕಳಸ್ತಿದ್ರ ಟಾರ್ಗೆಟ್ ಫಂಕ್ಷನ್ ಬಿಟ್ಟು ಟಾರ್ಗೆಟ್_ಇಂಡೆಕ್ಸ್‌ಗೆ ತಂದು ಆ ಸಾಲುನೂ ಅಳಸ್ರಿ. ಕರ್ನಲ್ 3.13ರಿಂದ ಸಿಪಿಯುಫ್ರೀಕ್‌ದ ಮೂಲ ಕೋಡೇ (ಕೋರ್) ಆ ಕೆಲಸ ಮಾಡ್ತದ.

ಕೇಳಿದವರು:
ಅಣ್ಣಾ, ಭಾಳ ಉಪಕಾರ ಆಯ್ತು. ರೆಗ್ಯುಲೇಟರ್ ಹೆಸರು ಬಿಟ್ಟಿದ್ದೆ, ನೀವು ಅಂದಂಗ ಏರಿಸುವಾಗ ನಿಂತ್ತು. ಹೆಸರು ಕೊಟ್ಟ ಮ್ಯಾಲ ರಾತ್ರಿಯಿಡೀ ಏರಿಸಿ ಇಳಿಸೂ ಸ್ಕ್ರಿಪ್ಟ್ ಓಡಿಸೀನಿ, ಒಮ್ಮೆನೂ ನಿಂತಿಲ್ಲ. ಕ್ರಮದ ಕಾರಣ ಕಮಿಟ್ ಮೆಸೇಜ್‌ದಾಗ ಪೂರಾ ಬರದು ಇಡ್ಲಿಕತ್ತೀನಿ.