ಸಹಾಯ ಬೇಕು: ಖಾನಾವಳಿಗೆ ನಮ್ಮ ಭಾಗದ್ದೇ ಬಿಳಿಜೋಳ, ತೊಗರಿಬೇಳೆ, ಪುಂಡಿಸೊಪ್ಪು

ಎಲ್ಲರಿಗೂ ಶರಣು. ಸುತ್ತಲಿನ ಹೊಲದ ಕಾಳುಕಡಿಯಿಂದಲೇ ಅಡುಗೆ ಮಾಡುವ ಕಲಬುರಗಿಯ ಖಾನಾವಳಿಗೆ ತಿಂಗಳಿಗೆ 3 ಕ್ವಿಂಟಲ್ ಮಾಲದಂಡಿ ತಳಿಯ ಬಿಳಿಜೋಳ ಬೇಕು. ಆಳಂದ, ಚಿತ್ತಾಪುರ, ಸೇಡಂ ಕಡೆಯ ಹಿಂಗಾರಿ ಬೆಳೆಯಾದರೆ ಒಳ್ಳೇದು. ತೆನೆಯಲ್ಲೇ ಮಳೆಗೆ ಸಿಕ್ಕು ಕಪ್ಪಾದ ಕಾಳು ದಯವಿಟ್ಟು ಬೇಡ. ಅದರ ಹಿಟ್ಟಿಗೆ ಜಿಗುಟಿರಲ್ಲ, ಕುದಿಯುವ ನೀರು ಹಾಕಿ ಎಷ್ಟೇ ನಾದಿದರೂ ತಟ್ಟುವಾಗ ರೊಟ್ಟಿಯ ಅಂಚು ಸೀಳುತ್ತದೆ.

ಮುಖ್ಯವಾಗಿ ಒಂದು ಗಿರಣಿ ಬೇಕು. ದಿನಾ 10 ಕಿಲೋ ಮಾತ್ರ ಬೀಸಿ ಕೊಡಬೇಕು, ಅಂದರೆ ಸುಮಾರು 120 ರೊಟ್ಟಿಯ ಹಿಟ್ಟು. ಒಮ್ಮೆಲೇ ಬೀಸಿಟ್ಟರೆ ಬೇಸಿಗೆಯಲ್ಲಿ ಬೇಗ ಕಾಳಿನ ಮೊಳಕೆಭಾಗದ ಎಣ್ಣೆಯಂಶ ಕೆಟ್ಟು ಹಿಟ್ಟು ಕಹಿಯಾಗುತ್ತದೆ. ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕಬಾರದು. ಗೋಧಿ ಒಗ್ಗದವರೂ ಊಟಕ್ಕೆ ಬರುತ್ತಾರೆ.

ಬೇಳೆ ತಿಂಗಳಿಗೆ 40 ಕಿಲೋ, ಎಣ್ಣೆ ಹಚ್ಚದ್ದು, ಪಾಲಿಶ್ ಮಾಡದ್ದು. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮ ತೊಗರಿ ಇರುವಾಗ ಹೊರಗಿನ ಬೇಳೆ ಯಾಕೆ ತರಬೇಕು? ಮಾದರಿಯನ್ನು ಬೋರ್‌ವೆಲ್‌ನ ಗಡಸು ನೀರಲ್ಲಿ ಬೇಯಿಸಿ ನೋಡಬೇಡಿ, ಒಳ್ಳೆಯ ಬೇಳೆಯೂ ಅದರಲ್ಲಿ ನುಣ್ಣಗಾಗಲ್ಲ. ಸಿಹಿನೀರಲ್ಲೇ ಬೇಯಿಸಿ.

ಪುಂಡಿಸೊಪ್ಪು ದಿನಕ್ಕೆ 4 ಕಿಲೋ, ಎಳೆಯದು, ಬೆಳಿಗ್ಗೆ 8ರೊಳಗೆ. ದಂಟು ಬಲಿತರೆ ಜೋಳದ ನುಚ್ಚಿನ ಜೊತೆ ಬೇಯಿಸಿದಾಗ ಪಲ್ಯದಲ್ಲಿ ನಾರು ಉಳಿಯುತ್ತದೆ.

ಅಣ್ಣಾರೆ, ಅಕ್ಕಾರೆ, ಕೊಡುವವರು ಊರು, ರಾಶಿ ಮಾಡಿದ ತಿಂಗಳು, ಕ್ವಿಂಟಲ್ ದರ ಬರೆದು ಮೆಸೇಜ್ ಮಾಡಿ. ಜೋಳದ ಫೋಟೋ ಅಂಗೈ ಮೇಲೆ ಹಿಡಿದು ಬಿಸಿಲಲ್ಲಿ ತೆಗೆಯಿರಿ, ಹುಳದ ತೂತು ಕಾಣಬೇಕು.